ತಂದೆ-ತಾಯಿಯ ಅಗಲಿಕೆಯ ನಂತರದ ಬದುಕು: ಇತಿಹಾಸದ ಬೆಳಕಿನಲ್ಲಿ

ಖಾನಾಪುರ ತಾಲ್ಲೂಕಿನ ನಮ್ಮ ನಂದಗಡಕ್ಕೆ ಹೊರಗಿನಿಂದ ಬರುವವರು ಸಾಮಾನ್ಯವಾಗಿ ಮೊದಲು ಕೇಳುವುದು ಸಂಗೊಳ್ಳಿ ರಾಯಣ್ಣನ ಸಮಾಧಿಯ ದಾರಿಯನ್ನು. ಕಿತ್ತೂರು ಸಂಸ್ಥಾನದ ಆ ವೀರನನ್ನು ಬ್ರಿಟಿಷರು 1831ರ ಜನವರಿ 26ರಂದು ಇದೇ ಊರಿನಲ್ಲಿ ಗಲ್ಲಿಗೇರಿಸಿದರು. ಆಲದ ಮರದೊಂದಿಗೆ ಬೆಸೆದುಕೊಂಡ ಆ ಸಾವಿನ ನೆನಪು ಇಂದಿಗೂ ಊರಿನವರ ಮಾತಿನಲ್ಲಿ ಜೀವಂತವಾಗಿದೆ. ಆದರೆ ಆ ನೆನಪನ್ನು ಕಾಪಾಡಿಕೊಂಡ ಜನರು ಗದ್ದೆ ಉಳುವುದನ್ನು ಬಿಟ್ಟವರಲ್ಲ, ಸಂತೆ ನಿಲ್ಲಿಸಿದವರಲ್ಲ. ನೆನಪು ಮತ್ತು ಬದುಕು ಒಂದೇ ಊರಿನಲ್ಲಿ ಅಕ್ಕಪಕ್ಕದಲ್ಲಿ ಇರಬಲ್ಲವು ಎಂಬುದನ್ನು ನಾವು ಬಾಲ್ಯದಿಂದಲೂ ಕಣ್ಣಾರೆ ಕಂಡಿದ್ದೇವೆ. ಆದರೂ ಸಾವು ನಮ್ಮ ಮನೆಯ ಹೊಸ್ತಿಲನ್ನು ದಾಟಿ ಒಳಗೆ ಬಂದಾಗ ಈ ಸರಳ ಪಾಠ ನಮಗೆ ಮರೆತುಹೋಯಿತು.

ಎಂಬತ್ತು ದಾಟಿದ ನಮ್ಮ ತಂದೆಯವರು ಮಳೆಗಾಲ ಆರಂಭವಾಗುವ ದಿನಗಳಲ್ಲಿ ತೀರಿಕೊಂಡರು. ಊರಿನಲ್ಲಿ ಅವರದೊಂದು ಚಿಕ್ಕ ಕಿರಾಣಿ ಅಂಗಡಿ. ಕೊನೆಯ ಎರಡು ವರ್ಷ ಅಣ್ಣನೇ ವ್ಯಾಪಾರ ನೋಡಿಕೊಳ್ಳುತ್ತಿದ್ದರೂ ತಂದೆಯವರು ಪ್ರತಿದಿನ ಫಜರ್ ನಮಾಝ್ ಮುಗಿಸಿ ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಬಂದು ಕುಳಿತುಕೊಳ್ಳುತ್ತಿದ್ದರು. ದಫನ ಮುಗಿಸಿ ಖಬರಸ್ಥಾನದಿಂದ ಹಿಂತಿರುಗಿದ ದಿನ ಅಂಗಡಿಯ ಬಾಗಿಲು ಮುಚ್ಚಿತ್ತು. ಅದು ಸಹಜ. ಮೂರು ದಿನ ಕಳೆದವು, ವಾರ ಕಳೆಯಿತು, ಹತ್ತನೆಯ ದಿನವೂ ಕಳೆಯಿತು. ಬಾಗಿಲು ತೆರೆಯಲಿಲ್ಲ. ನಲವತ್ತು ದಿನ ಆಗುವ ಮೊದಲು ವ್ಯಾಪಾರ ಆರಂಭಿಸಿದರೆ ಜನ ಏನೆನ್ನುತ್ತಾರೆ ಎಂದು ಅಣ್ಣ ಕೇಳಿದರು. ತಂದೆಯ ಮುಖವನ್ನು ಕೊನೆಯ ಬಾರಿ ನೋಡಲಾಗದ, ಕುವೈತಿನಲ್ಲಿ ದುಡಿಯುವ ತಮ್ಮ ದಿನವೂ ಫೋನಿನಲ್ಲಿ ಅಳುತ್ತಿದ್ದ. ನಲವತ್ತನೆಯ ದಿನ ಇಡೀ ಊರಿಗೆ ಊಟ ಹಾಕಿಸಬೇಕು, ಎಷ್ಟು ಖರ್ಚಾದರೂ ಸರಿ, ಸಾಲ ಮಾಡಿಯಾದರೂ ಕಳುಹಿಸುತ್ತೇನೆ ಎನ್ನುತ್ತಿದ್ದ. ತಾಯಿ ಒಳಕೋಣೆಯ ಕತ್ತಲಿನಲ್ಲಿ ಕುಳಿತಿದ್ದರು. ಹಳಿಯಾಳಕ್ಕೆ ಮದುವೆಯಾಗಿ ಹೋದ ತಂಗಿ, ಆಸ್ತಿಯ ಕಾಗದ ಏನಿದ್ದರೂ ತನ್ನಿ, ಅಳು ನಿಲ್ಲುವ ಮೊದಲೇ ಸಹಿ ಹಾಕಿಬಿಡುತ್ತೇನೆ ಎಂದಳು.

ಮದ್ರಸಾದಲ್ಲಿ ಮಕ್ಕಳಿಗೆ ಸೀರತ್ ಮತ್ತು ಇತಿಹಾಸವನ್ನು ಕಲಿಸುವ ನಮಗೆ ಆ ದಿನಗಳಲ್ಲಿ ನಾಚಿಕೆಯಾಯಿತು. ನಾವು ವರ್ಷವರ್ಷವೂ ಓದಿಸುವ ಪುಟಗಳಲ್ಲಿ ಈ ಎಲ್ಲ ಪ್ರಶ್ನೆಗಳಿಗೂ ಉತ್ತರವಿತ್ತು. ಆ ಪುಟಗಳನ್ನು ನಮ್ಮ ಮನೆಗಾಗಿ ಮತ್ತೊಮ್ಮೆ ತೆರೆದು ನೋಡಿದೆವು. ಅಲ್ಲಿ ಕಂಡುದನ್ನು ಇಂಥದೇ ದಿನಗಳನ್ನು ಎದುರಿಸುತ್ತಿರುವ ಅಥವಾ ಮುಂದೆ ಎದುರಿಸಲಿರುವ ಓದುಗರ ಮುಂದೆ ಇಡುತ್ತಿದ್ದೇವೆ.

ಮೊದಲು ಇಸ್ಲಾಮಿಗಿಂತ ಹಿಂದಿನ ಅರಬಸ್ಥಾನವನ್ನು ನೋಡೋಣ. ಗಂಡ ಸತ್ತ ಹೆಣ್ಣುಮಗಳು ಅತ್ಯಂತ ಕಳಪೆ ಬಟ್ಟೆ ತೊಟ್ಟು, ಸುಗಂಧ ಮುಟ್ಟದೆ, ಒಂದು ಕಿರಿದಾದ ಗುಡಿಸಿಲಿನಲ್ಲಿ ಇಡೀ ಒಂದು ವರ್ಷ ಕಳೆಯಬೇಕಾಗಿತ್ತು. ವರ್ಷ ಮುಗಿದ ಮೇಲೆ ಪ್ರಾಣಿಯೊಂದಕ್ಕೆ ಮೈ ಉಜ್ಜಿ, ಸಗಣಿಯ ಉಂಡೆಯೊಂದನ್ನು ಎಸೆದು ಆಕೆ ಹೊರಬರುತ್ತಿದ್ದಳು. ಸಾವಿನ ಮನೆಯಲ್ಲಿ ಕೂಲಿ ಕೊಟ್ಟು ಅಳುವವರನ್ನು ಕರೆಸುವುದು, ಎದೆ ಬಡಿದುಕೊಳ್ಳುವುದು, ಬಟ್ಟೆ ಹರಿದುಕೊಳ್ಳುವುದು ಗೌರವದ ಕುರುಹಾಗಿತ್ತು. ದುಃಖಕ್ಕೆ ಅಳತೆ ಇರಲಿಲ್ಲ. ಅಳತೆ ಇಲ್ಲದ ದುಃಖದ ಭಾರವೆಲ್ಲ ಹೆಣ್ಣಿನ ಮತ್ತು ಬಡವರ ಹೆಗಲ ಮೇಲೆಯೇ ಬೀಳುತ್ತಿತ್ತು. ಪ್ರವಾದಿ ಮುಹಮ್ಮದ್(ಸ)ರು ಕಣ್ಣೀರನ್ನು ನಿಷೇಧಿಸಲಿಲ್ಲ. ತಮ್ಮ ಹಸುಗೂಸು ಇಬ್ರಾಹೀಮ್ ತೀರಿಕೊಂಡಾಗ ಸ್ವತಃ ಅವರ ಕಣ್ಣುಗಳು ತುಂಬಿ ಹರಿದವು. ಅವರು ನಿಷೇಧಿಸಿದ್ದು ಚೀರಾಟವನ್ನು ಮತ್ತು ವಿಧಿಯ ವಿರುದ್ಧದ ಕೂಗನ್ನು. ಅವರು ಕೊಟ್ಟದ್ದು ಒಂದು ಅಳತೆಯನ್ನು: ಗಂಡನನ್ನು ಕಳೆದುಕೊಂಡ ಹೆಣ್ಣಿಗೆ ನಾಲ್ಕು ತಿಂಗಳು ಹತ್ತು ದಿನ, ಉಳಿದ ಯಾವ ಬಂಧುವಿಗಾದರೂ ಮೂರು ದಿನ.

ಈ ಮೂರು ದಿನಗಳ ನಿಯಮ ಒಬ್ಬ ವೃದ್ಧ ತಂದೆಯ ಮರಣದ ಸಂದರ್ಭದಲ್ಲಿ ಹೇಗೆ ಆಚರಣೆಗೆ ಬಂದಿತು ಎಂಬುದಕ್ಕೆ ಪ್ರಸಿದ್ಧವಾದ ಉದಾಹರಣೆಯಿದೆ. ವಿಶ್ವಾಸಿಗಳ ಮಾತೆ ಹ. ಉಮ್ಮು ಹಬೀಬಾ(ರ)ರು ಮಕ್ಕಾದ ನಾಯಕ ಅಬೂ ಸುಫ್ಯಾನರ ಮಗಳು. ತಂದೆ-ಮಗಳ ನಡುವಿನ ಸಂಬಂಧ ಸುಲಭದ್ದಾಗಿರಲಿಲ್ಲ. ಮಗಳು ಇಸ್ಲಾಮ್ ಸ್ವೀಕರಿಸಿ ಅಬಿಸೀನಿಯಾಕ್ಕೆ ಹಿಜ್ರತ್ ಹೋದ ಕಾಲದಲ್ಲಿ ತಂದೆ ಆ ಧರ್ಮದ ವಿರೋಧಿಗಳ ಮುಂದಾಳು. ಮಕ್ಕಾ ವಿಜಯದ ಮೊದಲು ಅವರು ಮದೀನಾಕ್ಕೆ ಬಂದು ಮಗಳ ಮನೆಯ ಹಾಸಿಗೆಯ ಮೇಲೆ ಕುಳಿತುಕೊಳ್ಳಲು ಹೋದಾಗ, ಅದು ಪ್ರವಾದಿ(ಸ)ಯವರ ಹಾಸಿಗೆಯೆಂದು ಮಗಳು ಅದನ್ನು ಮಡಚಿಟ್ಟ ಘಟನೆಯನ್ನು ಚರಿತ್ರಕಾರರು ಉಲ್ಲೇಖಿಸಿದ್ದಾರೆ. ಕ್ರಿ.ಶ. 630ರಲ್ಲಿ ಮಕ್ಕಾ ವಿಜಯವಾದಾಗ ಅಬೂ ಸುಫ್ಯಾನರೂ ಮುಸ್ಲಿಮರಾದರು. ಹೀಗೆ ಅಷ್ಟು ವರ್ಷಗಳ ಅಂತರದ ನಂತರ ಮರಳಿ ದೊರೆತ ತಂದೆ ಅವರು. ಖಲೀಫಾ ಉಸ್ಮಾನ್(ರ)ರ ಕಾಲದಲ್ಲಿ, ಬಹಳ ವೃದ್ಧಾಪ್ಯದಲ್ಲಿ ಅವರು ತೀರಿಕೊಂಡರು.

ಮೂರನೆಯ ದಿನ ಉಮ್ಮು ಹಬೀಬಾ(ರ)ರು ಹಳದಿ ಬಣ್ಣದ ಸುಗಂಧವನ್ನು ತರಿಸಿಕೊಂಡು ತಮ್ಮ ಕೆನ್ನೆಗಳಿಗೆ ಹಚ್ಚಿಕೊಂಡರು. ತಮಗೆ ಈ ಸುಗಂಧದ ಅಗತ್ಯ ನಿಜಕ್ಕೂ ಇರಲಿಲ್ಲ, ಆದರೆ ಪತಿಯ ಹೊರತು ಬೇರೆಯವರಿಗಾಗಿ ಮೂರು ದಿನಕ್ಕಿಂತ ಹೆಚ್ಚು ಶೋಕಾಚರಣೆ ಸಲ್ಲದೆಂದು ಪ್ರವಾದಿ(ಸ)ಯವರಿಂದ ಕೇಳಿದ್ದೇನೆ ಎಂದು ಅವರು ವಿವರಿಸಿದರೆಂದು ಸಹೀಹ್ ಬುಖಾರಿಯ ವರದಿ ತಿಳಿಸುತ್ತದೆ. ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಸುಗಂಧದ ಅಗತ್ಯವಿರಲಿಲ್ಲ ಎಂದರೆ ಅವರ ಮನಸ್ಸು ಇನ್ನೂ ಸಿದ್ಧವಾಗಿರಲಿಲ್ಲ ಎಂದೇ ಅರ್ಥ. ಮನಸ್ಸು ಸಿದ್ಧವಾಗುವವರೆಗೆ ಅವರು ಕಾಯಲಿಲ್ಲ. ಕೈ ಮೊದಲು ಎದ್ದಿತು, ಮನಸ್ಸು ನಿಧಾನವಾಗಿ ಹಿಂಬಾಲಿಸಲೆಂದು ಬಿಟ್ಟರು. ದುಃಖ ಮುಗಿದ ಮೇಲೆ ದಿನನಿತ್ಯದ ಬದುಕಿಗೆ ಮರಳುತ್ತೇವೆ ಎಂದು ನಾವು ಭಾವಿಸುತ್ತೇವೆ. ಉಮ್ಮು ಹಬೀಬಾ(ರ)ರು ಮಾಡಿದ್ದು ಇದಕ್ಕೆ ವಿರುದ್ಧವಾದದ್ದು. ದುಃಖವಿರುವಾಗಲೇ ಅವರು ಮರಳಿದರು.

ಹಾಗಾದರೆ ಮೂರು ದಿನಗಳ ನಂತರ ನೆನೆದು ಅಳುವುದು ತಪ್ಪೇ? ಅಲ್ಲ. ಪ್ರವಾದಿ(ಸ)ಯವರು ಆರು ವರ್ಷದ ಬಾಲಕನಾಗಿದ್ದಾಗ ಅವರ ತಾಯಿ ಆಮಿನಾ ಅವರು ಮಕ್ಕಾ-ಮದೀನಾ ನಡುವಿನ ಅಬ್‌ವಾ ಎಂಬಲ್ಲಿ ತೀರಿಕೊಂಡರು. ಎಷ್ಟೋ ದಶಕಗಳ ನಂತರ, ಪ್ರವಾದಿಯೂ ಸಮುದಾಯದ ನಾಯಕರೂ ಆಗಿದ್ದ ಕಾಲದಲ್ಲಿ ತಾಯಿಯ ಸಮಾಧಿಯನ್ನು ಸಂದರ್ಶಿಸಿ ಅವರು ಅತ್ತರು. ಅವರ ಅಳುವನ್ನು ಕಂಡು ಸುತ್ತಲಿದ್ದವರೂ ಅತ್ತರು. ತಾಯಿಗಾಗಿ ಸುರಿಯುವ ಕಣ್ಣೀರಿಗೆ ಅವಧಿ ಮುಗಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಮೂರು ದಿನಗಳ ಮಿತಿ ಇರುವುದು ಕೆಲಸ ನಿಲ್ಲಿಸುವುದಕ್ಕೆ, ಅಲಂಕಾರ ತ್ಯಜಿಸುವುದಕ್ಕೆ, ಶೋಕದ ಬಾಹ್ಯ ಆಚರಣೆಗೆ. ಪ್ರೀತಿಗೆ ಅಂತಹ ಮಿತಿಯಿಲ್ಲ.

ಆ ಮೂರು ದಿನಗಳನ್ನು ಕುಟುಂಬವೊಂದು ಹೇಗೆ ದಾಟಬೇಕೆಂಬುದನ್ನು ಕ್ರಿ.ಶ. 629ರ ಇನ್ನೊಂದು ಘಟನೆ ಕಲಿಸುತ್ತದೆ. ಮುಅ್‌ತಾ ಯುದ್ಧದಲ್ಲಿ ಪ್ರವಾದಿ(ಸ)ಯವರ ದೊಡ್ಡಪ್ಪನ ಮಗ ಹ. ಜಅ್‌ಫರ್(ರ)ರು ಹುತಾತ್ಮರಾದರು. ಜಅ್‌ಫರರ ಕುಟುಂಬಕ್ಕೆ ಅಡುಗೆ ಮಾಡಿ ಕಳುಹಿಸಿರಿ, ಅವರು ದುಃಖದಲ್ಲಿ ಮುಳುಗಿದ್ದಾರೆ ಎಂಬ ಅರ್ಥದಲ್ಲಿ ಪ್ರವಾದಿ(ಸ)ಯವರು ಸೂಚಿಸಿದರು. ಇದನ್ನು ಸ್ವಲ್ಪ ಯೋಚಿಸಿ ನೋಡಿ. ಅನ್ನ ಸಾವಿನ ಮನೆಯ ಕಡೆಗೆ ಹೋಗಬೇಕೆಂಬುದು ಪ್ರವಾದಿ ಚರ್ಯೆ. ಸಾವಿನ ಮನೆಯಿಂದ ಊರಿನ ಕಡೆಗೆ ಅನ್ನ ಬರಬೇಕೆಂಬುದು ನಾವು ಮಾಡಿಕೊಂಡ ರೂಢಿ. ನಮ್ಮ ತಂದೆಯವರು ತೀರಿಕೊಂಡ ದಿನ ನಮ್ಮ ಒಲೆ ಹೊತ್ತಲಿಲ್ಲ. ಅಕ್ಕಪಕ್ಕದ ಮನೆಗಳಿಂದ, ಅವುಗಳಲ್ಲಿ ಮುಸ್ಲಿಮೇತರರ ಮನೆಗಳೂ ಇದ್ದವು, ಅನ್ನ, ಸಾರು, ರೊಟ್ಟಿ ಬಂದವು. ಮದೀನಾದ ಆ ಸುನ್ನತ್ತನ್ನು ನಂದಗಡದ ನೆರೆಹೊರೆಯವರು ಯಾರೂ ಹೇಳದೆಯೇ ಪಾಲಿಸಿದ್ದರು.

ಮೂರನೆಯ ದಿನ ಪ್ರವಾದಿ(ಸ)ಯವರು ಜಅ್‌ಫರರ ಮನೆಗೆ ಬಂದರು. ಇಂದಿನ ನಂತರ ನನ್ನ ಸಹೋದರನಿಗಾಗಿ ಅಳಬೇಡಿರಿ ಎಂದು ತಿಳಿಸಿ, ಆತನ ಮಕ್ಕಳನ್ನು ಕರೆಸಿದರು. ದಿನಗಳಿಂದ ಯಾರೂ ಗಮನಿಸದೆ ಬಿಟ್ಟ ಆ ಎಳೆಯರ ತಲೆಕೂದಲು ಕೆದರಿತ್ತು. ಕ್ಷೌರಿಕನನ್ನು ಕರೆಸಿ ಅವರ ತಲೆ ಬೋಳಿಸಿದರು. ಮಕ್ಕಳ ಅನಾಥತನವನ್ನು ನೆನೆದು ತಾಯಿ ಅಸ್ಮಾ(ರ)ರು ಸಂಕಟ ತೋಡಿಕೊಂಡಾಗ, ಇವರ ಪೋಷಕ ತಾನೇ ಎಂದು ಭರವಸೆ ಕೊಟ್ಟರು. ಬಾಲಕ ಅಬ್ದುಲ್ಲಾರ ಕೈ ಹಿಡಿದು, ಈತನ ವ್ಯಾಪಾರದಲ್ಲಿ ಸಮೃದ್ಧಿ ಇರಲಿ ಎಂದು ಪ್ರಾರ್ಥಿಸಿದರು. ತಂದೆ ತೀರಿಕೊಂಡ ಮೂರನೆಯ ದಿನ ಬಾಲಕನೊಬ್ಬನಿಗೆ ಸಿಕ್ಕಿದ್ದು ಒಂದು ಕ್ಷೌರ, ಒಬ್ಬ ಪೋಷಕ ಮತ್ತು ವ್ಯಾಪಾರಕ್ಕಾಗಿ ಒಂದು ಪ್ರಾರ್ಥನೆ. ಮೂರೂ ದಿನನಿತ್ಯದ ಬದುಕಿಗೆ ಸೇರಿದವು.

ಸಾಂತ್ವನದ ಆಹಾರದ ಬಗ್ಗೆ ಇನ್ನೊಂದು ಚಿಕ್ಕ ಸಂಗತಿಯನ್ನು ಹೇಳಲೇಬೇಕು. ಹ. ಆಯಿಷಾ(ರ)ರ ಬಂಧುಗಳಲ್ಲಿ ಯಾರಾದರೂ ತೀರಿಕೊಂಡರೆ, ಸೇರಿದ್ದ ಹೆಂಗಸರೆಲ್ಲ ಹೊರಟುಹೋಗಿ ಮನೆಯವರು ಮಾತ್ರ ಉಳಿದ ಮೇಲೆ ಅವರು ತಲ್‌ಬೀನಾ ಎಂಬ ಹಿಟ್ಟಿನ ಗಂಜಿಯನ್ನು ಕಾಯಿಸಿ ಉಣ್ಣಿಸುತ್ತಿದ್ದರು. ಅದು ನೊಂದ ಹೃದಯಕ್ಕೆ ನೆಮ್ಮದಿ ಕೊಡುತ್ತದೆಂದು ಪ್ರವಾದಿ(ಸ)ಯವರಿಂದ ಕೇಳಿದ್ದರು. ಜನರೆಲ್ಲ ಹೋದ ಮೇಲಿನ ಆ ಖಾಲಿ ಸಂಜೆಯೇ ಎಲ್ಲಕ್ಕಿಂತ ಕಠಿಣವಾದದ್ದು ಎಂಬುದು ಅವರಿಗೆ ತಿಳಿದಿತ್ತು. ನಮ್ಮ ಮನೆಗಳಲ್ಲಿ ಆ ಸಂಜೆ ಒಂದು ಲೋಟ ಬಿಸಿ ಅಂಬಲಿಯನ್ನು ತಾಯಿಯ ಕೈಗೆ ಕೊಡುವವರು ಯಾರು? ನಲವತ್ತನೆಯ ದಿನದ ಊಟದ ಪಟ್ಟಿ ಬರೆಯುವವರಿಗೆ ಈ ಲೋಟದ ನೆನಪು ಬರುವುದೇ?

ಈಗ ಸಾಲದ ವಿಷಯಕ್ಕೆ ಬರೋಣ. ವಯಸ್ಸಾದವರು ತೀರಿಕೊಂಡ ಮೇಲೆ ಮನೆಯವರ ಮುಂದೆ ಎದ್ದು ನಿಲ್ಲುವ ಮೊದಲ ಲೌಕಿಕ ಕರ್ತವ್ಯ ಇದುವೇ. ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯವು ಆಸ್ತಿಯ ಪಾಲುಗಳನ್ನು ವಿವರಿಸುವಾಗ, ಉಯಿಲು ಮತ್ತು ಸಾಲ ತೀರಿದ ನಂತರವೇ ಹಂಚಿಕೆ ಎಂಬುದನ್ನು ಮತ್ತೆ ಮತ್ತೆ ನೆನಪಿಸುತ್ತದೆ. ಕ್ರಿ.ಶ. 656ರ ಜಮಲ್ ಯುದ್ಧದ ದಿನ ಹ. ಝುಬೈರ್(ರ)ರು ಮಗ ಅಬ್ದುಲ್ಲಾರನ್ನು ಕರೆದು, ತನಗಿರುವ ದೊಡ್ಡ ಚಿಂತೆ ತನ್ನ ಸಾಲದ್ದು, ಆಸ್ತಿಯನ್ನು ಮಾರಿ ತೀರಿಸು ಎಂದು ಒಪ್ಪಿಸಿದರು. ಅವರು ಐಷಾರಾಮಕ್ಕಾಗಿ ಸಾಲ ಮಾಡಿದವರಲ್ಲ. ಜನರು ಅಮಾನತ್ತಾಗಿ ಇಡಲು ತಂದ ಹಣವನ್ನು, ಕಳೆದುಹೋದರೆ ಕೊಟ್ಟವರಿಗೆ ನಷ್ಟವಾಗಬಾರದೆಂದು, ತನ್ನ ಮೇಲಿನ ಸಾಲವೆಂದೇ ಬರೆದುಕೊಳ್ಳುತ್ತಿದ್ದರು. ಹಾಗೆ ಸೇರಿದ ಮೊತ್ತ 22 ಲಕ್ಷ ದಿರ್ಹಮ್. ಅವರು ಬಿಟ್ಟುಹೋದದ್ದು ನಗದನ್ನಲ್ಲ, ಗಾಬಾ ಎಂಬ ಜಮೀನು ಮತ್ತು ಕೆಲವು ಊರುಗಳಲ್ಲಿದ್ದ ಮನೆಗಳನ್ನು.

ಮಗ ಶೋಕದಲ್ಲಿ ಕುಳಿತುಕೊಳ್ಳಲಿಲ್ಲ. ತಂದೆ 1 ಲಕ್ಷ 70 ಸಾವಿರಕ್ಕೆ ಕೊಂಡಿದ್ದ ಗಾಬಾ ಜಮೀನನ್ನು ಭಾಗಗಳಾಗಿ ಮಾರಿ 16 ಲಕ್ಷ ಗಳಿಸಿದರು. ಸಾಲಗಾರರನ್ನು ಕರೆದು ಒಬ್ಬೊಬ್ಬರಿಗೂ ಕೊಟ್ಟರು. ಆ ಸಾಲ ಕೊಟ್ಟವರಲ್ಲಿ ಒಬ್ಬರಿಗೆ 4 ಲಕ್ಷ ಬರಬೇಕಿತ್ತು. ನೀವು ಬಯಸಿದರೆ ಈ ಮೊತ್ತವನ್ನು ಬಿಟ್ಟುಕೊಡುತ್ತೇನೆ ಎಂದು ಅವರು ಮುಂದೆ ಬಂದರು. ಅವರು ಯಾರೆಂದರೆ, ಮುಅ್‌ತಾದ ನಂತರ ಮೂರನೆಯ ದಿನ ತಲೆ ಬೋಳಿಸಿಕೊಂಡ ಅದೇ ಬಾಲಕ, ಅಬ್ದುಲ್ಲಾ ಇಬ್ನ್ ಜಅ್‌ಫರ್(ರ). ಪ್ರವಾದಿ(ಸ)ಯವರ ಪ್ರಾರ್ಥನೆ ಫಲಿಸಿತ್ತು, ಆತ ಶ್ರೀಮಂತನೂ ಉದಾರಿಯೂ ಆಗಿ ಬೆಳೆದಿದ್ದ. ಆದರೆ ಝುಬೈರರ ಮಗ ಆ ಮನ್ನಾವನ್ನು ಒಪ್ಪಲಿಲ್ಲ. ತಂದೆಯ ಋಣವನ್ನು ತಂದೆಯ ಆಸ್ತಿಯಿಂದಲೇ ತೀರಿಸಿದರು.

ಎಲ್ಲ ತೀರಿದ ಮೇಲೆ ಸಹೋದರರು ಪಾಲು ಕೇಳಿದರು. ಆಗಲೂ ಅವರು ಆತುರಪಡಲಿಲ್ಲ. ನಾಲ್ಕು ವರ್ಷ ಹಜ್ಜಿನ ಸಮಯದಲ್ಲಿ, ಝುಬೈರರಿಂದ ಸಾಲ ಬರಬೇಕಾದವರಿದ್ದರೆ ಬಂದು ಪಡೆಯಿರಿ ಎಂದು ಘೋಷಣೆ ಮಾಡಿಸಿದರು. ಆ ನಂತರವೇ ಉಯಿಲಿನ ಮೂರನೆಯ ಒಂದು ಭಾಗವನ್ನು ತೆಗೆದು ಉಳಿದುದನ್ನು ವಾರಸುದಾರರಿಗೆ ಹಂಚಿದರು. ತಂದೆಯ ನಂತರದ ಬದುಕಿಗೆ ಮಗ ಮರಳಿದ್ದು ಲೆಕ್ಕದ ಮೂಲಕ, ಪ್ರಾಮಾಣಿಕತೆಯ ಮೂಲಕ.

ಈ ಕಥೆಯನ್ನು ಓದಿದ ರಾತ್ರಿ ನಾವು ಅಣ್ಣನೊಂದಿಗೆ ಕುಳಿತು ತಂದೆಯವರ ಉದ್ರಿ ಪುಸ್ತಕವನ್ನು ತೆರೆದೆವು. ಬೆಳಗಾವಿಯ ಸಗಟು ವ್ಯಾಪಾರಿಯೊಬ್ಬರಿಗೆ ಕೊಡಬೇಕಾದ ಹಣ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಊರಿನವರಿಂದ ಬರಬೇಕಾದ ಹಣವೂ ಇತ್ತು. ಕೆಲವು ಬಡ ಮನೆಗಳ ಹೆಸರಿನ ಮೇಲೆ ತಂದೆಯವರೇ ಅಡ್ಡಗೆರೆ ಎಳೆದಿದ್ದರು. ತಮ್ಮನಿಗೆ ಫೋನ್ ಮಾಡಿ ವಿಷಯ ತಿಳಿಸಿದೆವು. ಊರಿಗೆ ಊಟ ಹಾಕಿಸಲು ನೀನು ಹೊಸ ಸಾಲ ಮಾಡುವುದಕ್ಕಿಂತ, ಅಬ್ಬಾ ಅವರ ಹಳೆಯ ಸಾಲ ತೀರಿಸುವುದು ಅವರಿಗೆ ಹೆಚ್ಚು ಉಪಕಾರ ಎಂದೆವು. ಆತ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಭಾಯಿ, ನಾನು ಮಣ್ಣು ಹಾಕಲಿಕ್ಕೂ ಬರಲಿಲ್ಲ. ನನ್ನ ಪಾಲಿಗೆ ಏನು ಉಳೀತು?" ಎಂದು ಕೇಳಿದ.

ದೂರದೇಶದಲ್ಲಿ ದುಡಿಯುವ ಎಷ್ಟೋ ಮಕ್ಕಳ ಎದೆಯಲ್ಲಿ ಈ ಪ್ರಶ್ನೆ ಇದೆ. ಇದಕ್ಕೂ ಇತಿಹಾಸದಲ್ಲಿ ಉತ್ತರವಿದೆ. ಅನ್ಸಾರರ ನಾಯಕ ಹ. ಸಅ್‌ದ್ ಇಬ್ನ್ ಉಬಾದಾ(ರ)ರ ತಾಯಿ ತೀರಿಕೊಂಡಾಗ ಅವರು ಊರಿನಲ್ಲಿರಲಿಲ್ಲ. ಹಿಂತಿರುಗಿ ಬಂದು, ತಾಯಿಯ ಹೆಸರಿನಲ್ಲಿ ತಾನು ದಾನ ಮಾಡಿದರೆ ಅವರಿಗೆ ಪ್ರಯೋಜನವಾಗುವುದೇ ಎಂದು ಪ್ರವಾದಿ(ಸ)ಯವರನ್ನು ಕೇಳಿದರು. ಆಗುವುದೆಂಬ ಉತ್ತರ ದೊರೆತ ಕೂಡಲೇ ಮಿಖ್ರಾಫ್ ಎಂಬ ತನ್ನ ತೋಟವನ್ನು ತಾಯಿಗಾಗಿ ದಾನವಾಗಿ ಕೊಟ್ಟರು. ತಾಯಿಯ ಕೊನೆಯ ಗಳಿಗೆಗೆ ತಲುಪದ ಮಗ, ತಾಯಿಗೆ ನಿರಂತರವಾಗಿ ತಲುಪುವ ಪುಣ್ಯದ ದಾರಿಯನ್ನು ಕಂಡುಕೊಂಡರು.

ನಮ್ಮ ನಾಡಿನ ಇತಿಹಾಸದಲ್ಲಿಯೂ ತಂದೆಯ ಕೊನೆಯ ಗಳಿಗೆಗೆ ತಲುಪದ ಪ್ರಸಿದ್ಧ ಮಗನೊಬ್ಬನಿದ್ದಾನೆ. ನವಾಬ್ ಹೈದರ್ ಅಲಿ ಎರಡನೆಯ ಮೈಸೂರು ಯುದ್ಧದ ನಡುವೆ, 1782ರ ಡಿಸೆಂಬರ್ 7ರಂದು ಚಿತ್ತೂರಿನ ಸಮೀಪದ ನರಸಿಂಗರಾಯನಪೇಟೆಯ ಪಾಳೆಯದಲ್ಲಿ, ಬೆನ್ನಿನ ಹುಣ್ಣಿನಿಂದ ನರಳಿ ತೀರಿಕೊಂಡರು. ಆಗ ಅವರಿಗೆ ಸುಮಾರು ಅರವತ್ತು ವರ್ಷ. ಹಿರಿಯ ಮಗ ಟಿಪ್ಪು ದೂರದ ಮಲಬಾರಿನ ಪೊನ್ನಾನಿಯ ಕಡೆ ಇಂಗ್ಲಿಷರ ವಿರುದ್ಧ ಹೋರಾಡುತ್ತಿದ್ದ. ಸೈನ್ಯ ಚದುರಬಾರದೆಂದು ಪೂರ್ಣಯ್ಯ ಮತ್ತು ಕೃಷ್ಣರಾವ್ ಮೊದಲಾದ ಮಂತ್ರಿಗಳು ಸುದ್ದಿಯನ್ನು ಗುಟ್ಟಾಗಿಟ್ಟರು. ಶರೀರವನ್ನು ಖಜಾನೆಯ ಪೆಟ್ಟಿಗೆಯೆಂಬಂತೆ ಕೋಲಾರಕ್ಕೆ ಸಾಗಿಸಿ, ಹೈದರನ ತಂದೆಯ ಸಮಾಧಿಯಿರುವ ಸ್ಥಳದಲ್ಲಿ ತಾತ್ಕಾಲಿಕವಾಗಿ ದಫನ ಮಾಡಿದರು. ಮಗನಿಗೆ ಗುಪ್ತವಾಗಿ ಸುದ್ದಿ ಕಳುಹಿಸಿದರು.

ಟಿಪ್ಪು ಪಾಳೆಯವನ್ನು ತಲುಪುವ ಹೊತ್ತಿಗೆ ವಾರಗಳು ಕಳೆದಿದ್ದವು. ಜನಾಝ ಮುಗಿದಿತ್ತು. ಆತನ ಬಗ್ಗೆ ಒಳ್ಳೆಯ ಅಭಿಪ್ರಾಯವಿರದ ಇಂಗ್ಲಿಷ್ ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಕೂಡ ಒಂದು ಸಂಗತಿಯನ್ನು ದಾಖಲಿಸಿದ್ದಾನೆ: ಟಿಪ್ಪು ಆ ದಿನ ಶೋಕದ ಕಾರಣದಿಂದ ಗದ್ದುಗೆಯನ್ನೇರದೆ ಸಾದಾ ಜಮಖಾನೆಯ ಮೇಲೆ ಕುಳಿತು ಅಧಿಕಾರಿಗಳನ್ನು ಭೇಟಿಯಾದ. ಶೋಕವಿತ್ತು, ಆದರೆ ಭೇಟಿ ನಿಲ್ಲಲಿಲ್ಲ, ಆಡಳಿತ ನಿಲ್ಲಲಿಲ್ಲ. ಯುದ್ಧ ಮುಂದುವರಿದು 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಲ್ಲಿ ಕೊನೆಗೊಂಡಿತು. ಅದೇ ವರ್ಷಗಳಲ್ಲಿ ಆತ ಶ್ರೀರಂಗಪಟ್ಟಣದಲ್ಲಿ ಗುಂಬಜ್ ಕಟ್ಟಿಸಿ ತಂದೆಯ ಶರೀರವನ್ನು ಅಲ್ಲಿಗೆ ತರಿಸಿದ. ಇಂದು ಆ ಗುಂಬಜಿನೊಳಗೆ ತಂದೆ ಹೈದರ್, ತಾಯಿ ಫಖ್ರುನ್ನಿಸಾ ಮತ್ತು 1799ರ ಮೇ 4ರಂದು ಹುತಾತ್ಮನಾದ ಮಗ ಟಿಪ್ಪು ಮೂವರೂ ಒಟ್ಟಿಗೆ ಮಲಗಿದ್ದಾರೆ. ಕೊನೆಯ ದರ್ಶನಕ್ಕೆ ತಲುಪದ ಮಗ ಕೊನೆಗೆ ತಂದೆ-ತಾಯಿಯ ಪಕ್ಕದಲ್ಲಿಯೇ ಜಾಗ ಪಡೆದ.

ನಮಗೆ ಗುಂಬಜ್ ಕಟ್ಟಿಸುವ ಸಾಮರ್ಥ್ಯವೂ ಇಲ್ಲ, ಅದರ ಅಗತ್ಯವೂ ಇಲ್ಲ. ಆದರೆ ಮನುಷ್ಯ ಸತ್ತ ಮೇಲೂ ಅವನಿಗೆ ತಲುಪುವ ಮೂರು ಸತ್ಕಾರ್ಯಗಳನ್ನು ಪ್ರವಾದಿ(ಸ)ಯವರು ತಿಳಿಸಿದ್ದಾರೆ: ಮುಂದುವರಿಯುವ ದಾನ, ಪ್ರಯೋಜನ ಕೊಡುವ ಜ್ಞಾನ, ಪ್ರಾರ್ಥಿಸುವ ಸಜ್ಜನ ಸಂತಾನ. ಬೆಳಗಾವಿಯ ಕೋಟೆಯೊಳಗೆ 16ನೆಯ ಶತಮಾನದ ಆರಂಭದಲ್ಲಿ ಅಸದ್ ಖಾನ್ ಕಟ್ಟಿಸಿದ ಸಫಾ ಮಸೀದಿಯನ್ನು ನೋಡಿದವರಿಗೆ ಮುಂದುವರಿಯುವ ದಾನವೆಂದರೇನೆಂದು ವಿವರಿಸಬೇಕಿಲ್ಲ. ಮಸೀದಿ ಕಟ್ಟಲಾಗದವರು ಒಂದು ನೀರಿನ ನಲ್ಲಿ ಹಾಕಿಸಬಹುದು, ಒಬ್ಬ ವಿದ್ಯಾರ್ಥಿಯ ಪುಸ್ತಕದ ಖರ್ಚು ನೋಡಿಕೊಳ್ಳಬಹುದು. ಇದನ್ನೆಲ್ಲ ತಮ್ಮನಿಗೆ ವಿವರಿಸಿದಾಗ ಆತ ಒಪ್ಪಿದ. ಮೊದಲ ಎರಡು ತಿಂಗಳ ಉಳಿತಾಯ ಬೆಳಗಾವಿಯ ಸಾಲಕ್ಕೆ ಹೋಯಿತು. ಮೂರನೆಯ ತಿಂಗಳಿನದ್ದರಲ್ಲಿ ಮದ್ರಸಾದ ಅಂಗಳದಲ್ಲಿ ಮಕ್ಕಳಿಗಾಗಿ ಕುಡಿಯುವ ನೀರಿನ ಟ್ಯಾಂಕ್ ಬಂತು. ಅದರ ಮೇಲೆ ಯಾರ ಹೆಸರನ್ನೂ ಬರೆಸಲಿಲ್ಲ.

ಜಿಯಾರತ್, ದಸ್ವಾಂ, ಚಾಲೀಸ್ವಾಂ ಮುಂತಾದ ದಿನಗಳ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆ ಚರ್ಚೆಯನ್ನು ಇಲ್ಲಿ ಎತ್ತುವುದು ನಮ್ಮ ಉದ್ದೇಶವಲ್ಲ. ಕುರ್‌ಆನ್ ಓದಿ ದುಆ ಮಾಡಲು ಸೇರುವವರನ್ನು ನಾವು ನೋಯಿಸಬಯಸುವುದಿಲ್ಲ. ಆದರೆ ಒಂದು ಮಾತಿನಲ್ಲಿ ಎಲ್ಲರೂ ಒಮ್ಮತದಲ್ಲಿದ್ದಾರೆ: ಮೃತರ ಸಾಲ ಬಾಕಿಯಿಟ್ಟು, ಅಪ್ರಾಪ್ತ ವಾರಸುದಾರರ ಪಾಲಿನಿಂದ ತೆಗೆದು ಊಟ ಹಾಕಿಸುವುದು ಯಾರಿಗೂ ಪುಣ್ಯವಲ್ಲ. ಸಾಲ ಮಾಡಿ ಹಾಕಿಸಿದ ಊಟದ ಕಂತನ್ನು ವರ್ಷಗಟ್ಟಲೆ ಕಟ್ಟುವ ಮನೆಗಳನ್ನು ನಾವು ನೋಡಿದ್ದೇವೆ. ಆ ಮನೆಗಳಲ್ಲಿ ತಂದೆಯ ನೆನಪಿನೊಂದಿಗೆ ಬಡ್ಡಿಯ ನೆನಪೂ ಬೆರೆತುಹೋಗುತ್ತದೆ.

ಆಸ್ತಿಯ ವಿಷಯದಲ್ಲಿಯೂ ಹೀಗೆಯೇ. ಮಕ್ಕಳಿರುವಾಗ ಪತ್ನಿಗೆ ಎಂಟನೆಯ ಒಂದು ಪಾಲು, ಉಳಿದುದರಲ್ಲಿ ಮಗನಿಗೆ ಎರಡಾದರೆ ಮಗಳಿಗೆ ಒಂದು. ಇದು ಅಲ್ಲಾಹನು ನಿಗದಿಪಡಿಸಿದ ಹಕ್ಕು, ಅಣ್ಣತಮ್ಮಂದಿರ ಔದಾರ್ಯವಲ್ಲ. ಶೋಕದ ದಿನಗಳಲ್ಲಿ ಅಕ್ಕತಂಗಿಯರಿಂದ ಹಕ್ಕುಬಿಡುಗಡೆಯ ಕಾಗದಕ್ಕೆ ಸಹಿ ಪಡೆಯುವುದು ನಮ್ಮ ಭಾಗದಲ್ಲಿ ಸಾಮಾನ್ಯವಾಗಿಬಿಟ್ಟಿದೆ. ತವರಿನ ಬಾಗಿಲು ಮುಚ್ಚಿಹೋದೀತೆಂಬ ಭಯದಲ್ಲಿ ಹಾಕಿದ ಸಹಿ ಮನಃಪೂರ್ವಕವಾದದ್ದು ಹೇಗಾದೀತು? ನಮ್ಮ ತಂಗಿಗೆ ನಾವು ಹೇಳಿದ್ದಿಷ್ಟೇ: "ಈಗ ಏನೂ ಸಹಿ ಹಾಕಬೇಡಮ್ಮ. ನಿನ್ನ ಪಾಲು ಮೊದಲು ನಿನ್ನ ಕೈಗೆ ಬರಲಿ. ಆಮೇಲೆ ಇಟ್ಟುಕೋ, ಕೊಡು, ಅದು ನಿನಗೆ ಬಿಟ್ಟದ್ದು. ತವರಿನ ಬಾಗಿಲು ಹೇಗೂ ತೆರೆದೇ ಇರುತ್ತದೆ." ಪಾಲು ಚಿಕ್ಕದು. ಆದರೆ ಅದನ್ನು ಪಡೆದ ದಿನ ಆಕೆ ತಂದೆಯ ಅಂಗಡಿಯ ಮುಂದೆ ನಿಂತು ಮನಸಾರೆ ಅತ್ತಳು.

ತಾಯಿಯ ಇದ್ದತ್ ಅವಧಿಯ ಬಗ್ಗೆ ಎರಡು ಮಾತು. ನಾಲ್ಕು ತಿಂಗಳು ಹತ್ತು ದಿನ ಆಕೆ ತನ್ನ ಮನೆಯಲ್ಲಿಯೇ ಇದ್ದು ಅಲಂಕಾರದಿಂದ ದೂರವಿರಬೇಕೆಂಬುದು ನಿಯಮ. ಕತ್ತಲಲ್ಲಿ ಕೂರಬೇಕು, ಯಾರೊಂದಿಗೂ ಮಾತಾಡಬಾರದು, ಸ್ನಾನ ಮಾಡಬಾರದು, ಅಡುಗೆಮನೆಗೆ ಬರಬಾರದು ಎಂಬುದು ನಿಯಮವಲ್ಲ. ಅಂಥ ಕಟ್ಟಳೆಗಳು ನಮ್ಮನ್ನು ಮತ್ತೆ ಅಜ್ಞಾನ ಕಾಲದ ಆ ಕಿರಿದಾದ ಗುಡಿಸಿಲಿಗೆ ಕರೆದೊಯ್ಯುತ್ತವೆ. ನಾವು ತಾಯಿಯ ಕೋಣೆಯ ಕಿಟಕಿ ತೆರೆದೆವು. ಮೊಮ್ಮಕ್ಕಳು ಅವರ ಬಳಿ ಕುಳಿತು ಪಾಠ ಒಪ್ಪಿಸತೊಡಗಿದರು. ಕೆಲವೇ ದಿನಗಳಲ್ಲಿ ಅವರೇ ಮಕ್ಕಳ ತಪ್ಪು ತಿದ್ದಲಾರಂಭಿಸಿದರು.

ಇನ್ನು ಅಂಗಡಿಯ ಬಾಗಿಲು. ತಂದೆಯವರ ಹಳೆಯ ಸ್ನೇಹಿತರಾದ ಶೆಟ್ಟರು, ಅವರೂ ಎಂಬತ್ತರ ಹತ್ತಿರದವರು, ಒಂದು ಮುಂಜಾನೆ ಕೋಲೂರಿಕೊಂಡು ನಮ್ಮ ಮನೆಗೆ ಬಂದರು. "ಮಾಸ್ತರ, ಅಂಗಡಿ ಬಾಗಲಾ ಯಾವಾಗ ತೆಗೀತೀರಿ? ಸಾಹೇಬ್ರು ಕುಂದ್ರತಿದ್ದ ಜಾಗಾ ಮುಚ್ಚಿದ್ದು ನೋಡಾಕ ನನಗೂ ಆಗವಲ್ದು" ಎಂದರು. ಅಣ್ಣ ತಲೆ ತಗ್ಗಿಸಿದರು. ಮರುದಿನ, ಅಂದರೆ ಹದಿನೈದನೆಯ ದಿನ, ಫಜರ್ ನಮಾಝಿನ ನಂತರ ಬಾಗಿಲು ತೆರೆಯಿತು. ಮೂರು ದಿನಕ್ಕೆ ತೆರೆಯಬೇಕಾದದ್ದು ಹದಿನೈದು ದಿನಕ್ಕೆ ತೆರೆಯಿತೆಂಬುದು ನಮ್ಮ ದೌರ್ಬಲ್ಯ. ಮೊದಲ ಗಿರಾಕಿ ಶೆಟ್ಟರೇ. ಕಾಲು ಕಿಲೋ ಸಕ್ಕರೆ ಕೊಂಡು ನಗದು ಕೊಟ್ಟು, ಮೂಲೆಯ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕುಳಿತು ಹೋದರು.

ಆ ದಿನ ನಮಗೆ ಹ. ಅಬ್ದುಲ್ಲಾ ಇಬ್ನ್ ಉಮರ್(ರ)ರ ಘಟನೆ ನೆನಪಾಯಿತು. ಮಕ್ಕಾದ ದಾರಿಯಲ್ಲಿ ಅವರಿಗೆ ಒಬ್ಬ ಹಳ್ಳಿಗ ಎದುರಾದ. ಅವರು ಸಲಾಮ್ ಹೇಳಿ, ತಾನು ಸವಾರಿ ಮಾಡುತ್ತಿದ್ದ ಕತ್ತೆಯನ್ನೂ ತಲೆಯ ಮೇಲಿದ್ದ ಮುಂಡಾಸನ್ನೂ ಆತನಿಗೆ ಕೊಟ್ಟುಬಿಟ್ಟರು. ಜೊತೆಗಿದ್ದವರು, ಇವರು ಹಳ್ಳಿಗರು, ಸ್ವಲ್ಪ ಕೊಟ್ಟರೂ ತೃಪ್ತರಾಗುತ್ತಾರಲ್ಲ ಎಂದರು. ಆತನ ತಂದೆ ನನ್ನ ತಂದೆ ಉಮರರ ಸ್ನೇಹಿತನಾಗಿದ್ದ, ತಂದೆಯ ಆಪ್ತರೊಂದಿಗೆ ಸಂಬಂಧ ಉಳಿಸಿಕೊಳ್ಳುವುದು ಅತ್ಯುತ್ತಮ ಸತ್ಕಾರ್ಯವೆಂದು ಪ್ರವಾದಿ(ಸ)ಯವರಿಂದ ಕೇಳಿದ್ದೇನೆ ಎಂಬುದು ಅವರ ಉತ್ತರವಾಗಿತ್ತು. ತಂದೆ-ತಾಯಿಯ ಮರಣಾನಂತರವೂ ಅವರಿಗೆ ಮಾಡಬಹುದಾದ ಸೇವೆ ಉಳಿದಿದೆಯೇ ಎಂದು ಒಬ್ಬರು ಕೇಳಿದಾಗಲೂ ಪ್ರವಾದಿ(ಸ)ಯವರು ಇದನ್ನೇ ಸೂಚಿಸಿದ್ದರು: ಅವರಿಗಾಗಿ ಪ್ರಾರ್ಥಿಸುವುದು, ಪಾಪಮುಕ್ತಿ ಬೇಡುವುದು, ಅವರು ಕೊಟ್ಟ ಮಾತನ್ನು ಪೂರೈಸುವುದು, ಅವರ ಮೂಲಕ ಬಂದ ಬಂಧುತ್ವವನ್ನು ಜೋಡಿಸುವುದು, ಅವರ ಸ್ನೇಹಿತರನ್ನು ಗೌರವಿಸುವುದು.

ಈ ಪಟ್ಟಿಯನ್ನು ಮತ್ತೊಮ್ಮೆ ನೋಡಿದರೆ, ಇದರಲ್ಲಿ ಒಂದನ್ನೂ ಮನೆಯ ಬಾಗಿಲು ಮುಚ್ಚಿ ಕುಳಿತವರು ಪೂರ್ತಿಯಾಗಿ ಮಾಡಲಾರರು ಎಂಬುದು ಹೊಳೆಯುತ್ತದೆ. ಕೊಟ್ಟ ಮಾತು ಪೂರೈಸಲು ದುಡಿಯಬೇಕು. ಬಂಧುತ್ವ ಜೋಡಿಸಲು ಹೊರಗೆ ಹೋಗಬೇಕು. ಸ್ನೇಹಿತರನ್ನು ಗೌರವಿಸಲು ಅಂಗಡಿಯ ಬಾಗಿಲು ತೆರೆದಿರಬೇಕು. ಹಾಗಾಗಿ ಬದುಕಿಗೆ ಮರಳುವುದು ಅಗಲಿದವರನ್ನು ಮರೆಯುವುದಲ್ಲ. ಅವರ ಸೇವೆ ಮುಂದುವರಿಯುವುದೇ ಮರಳಿದ ಬದುಕಿನಲ್ಲಿ.

ಇಂದಿಗೂ ಕೆಲವು ಮುಂಜಾನೆ ಮಸೀದಿಯಿಂದ ಬರುವಾಗ ಆ ಮೂಲೆಯ ಕಡೆಗೆ ನಮ್ಮ ಕಣ್ಣು ತಾನಾಗಿಯೇ ಹೋಗುತ್ತದೆ. ಸ್ಟೂಲನ್ನು ಅಣ್ಣ ತೆಗೆದಿಲ್ಲ. ಮಳೆ ಬಂದಾಗ ಶಾಲೆಯ ಮಕ್ಕಳು ಅದರ ಮೇಲೆ ಕುಳಿತು ಮಳೆ ನಿಲ್ಲುವುದನ್ನು ಕಾಯುತ್ತಾರೆ.

ನಮ್ಮನ್ನು ಬಾಲ್ಯದಲ್ಲಿ ಕರುಣೆಯಿಂದ ಸಾಕಿದ ತಂದೆ-ತಾಯಿಯ ಮೇಲೆ ಅಲ್ಲಾಹನು ಕರುಣೆ ತೋರಲಿ. ಅಗಲಿದವರ ಖಬರನ್ನು ಬೆಳಗಿಸಲಿ. ಬದುಕಿರುವ ಹೆತ್ತವರ ಸೇವೆಗೆ ನಮಗೆ ಇನ್ನೂ ಸಮಯ ಕೊಡಲಿ. ಆಮೀನ್.